ಕರೆಂಟು ನೀರಿಗೆ ಲೆಕ್ಕ ಇದೆ, ಕೆಲಸದ ಗಂಟೆಗೆ ಯಾಕಿಲ್ಲ?

ಷೇರು ಮಾರುಕಟ್ಟೆಲಿ ಲಿಸ್ಟ್ ಆಗಿರೋ ಯಾವುದಾದ್ರೂ ದೊಡ್ಡ ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ, ಅದರಲ್ಲಿ ಬಿಆರ್‌ಎಸ್‌ಆರ್ ಅನ್ನೋ ಒಂದು ಭಾಗ ಇರುತ್ತೆ. ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಅಂಡ್ ಸಸ್ಟೈನಬಿಲಿಟಿ ರಿಪೋರ್ಟ್ ಅಂತ ಪೂರ್ತಿ ಹೆಸರು. ಷೇರು ಮಾರುಕಟ್ಟೆ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿ ಇದನ್ನ 2021ರಲ್ಲಿ ತಂತು, 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರೋ ಕಂಪನಿಗಳಿಗೆ ಕಡ್ಡಾಯ ಆಯ್ತು. ವರ್ಷಕ್ಕೆ ಎಷ್ಟು ಕರೆಂಟು ಉರಿಸಿದ್ರು, ಎಷ್ಟು ಕಿಲೋಲೀಟರ್ ನೀರು ತಗೊಂಡ್ರು, ಎಷ್ಟು ಟನ್ ಪ್ಲಾಸ್ಟಿಕ್ ಕಸ, ಎಷ್ಟು ಟನ್ ಇ-ವೇಸ್ಟ್ ಹೊರಗೆ ಹೋಯ್ತು ಅಂತ ಎಲ್ಲಾ ಅಲ್ಲಿ ಅಂಕಿ ಸಮೇತ ಬರೀಬೇಕು. ಒಳ್ಳೆ ಕೆಲಸನೇ ಇದು, ಹತ್ತು ವರ್ಷದ ಹಿಂದೆ ಈ ಮಾಹಿತಿ ಕೇಳಿದ್ರೆ ಯಾರೂ ಕೊಡ್ತಿರಲಿಲ್ಲ.

ಆ ವರದಿಲಿ ಒಂಬತ್ತು ತತ್ವಗಳಿವೆ, ಅದರಲ್ಲಿ ಮೂರನೇದು ಉದ್ಯೋಗಿಗಳ ಯೋಗಕ್ಷೇಮದ ಬಗ್ಗೆ. ನಾನು ಈ ಮೂರನೇ ತತ್ವವನ್ನ ಬೇರೆ ಬೇರೆ ಕಂಪನಿಗಳ ವರದಿಲಿ ಓದ್ತಾ ಬಂದಿದ್ದೀನಿ, ಯಾಕಂದ್ರೆ ನನಗೆ ತಿಳಿದಿರೋ ಎಷ್ಟೋ ಜನ ಈ ಕಂಪನಿಗಳಲ್ಲಿ, ಇವರಿಗೆ ಜನ ಕಳಿಸೋ ಏಜೆನ್ಸಿಗಳಲ್ಲಿ ದುಡೀತಾರೆ. ಎಷ್ಟು ಶೇಕಡಾ ಜನಕ್ಕೆ ಹೆಲ್ತ್ ಇನ್ಶೂರೆನ್ಸ್ ಇದೆ, ಅಪಘಾತ ವಿಮೆ ಇದೆ, ಹೆರಿಗೆ ರಜೆ, ಅಪ್ಪಂದಿರ ರಜೆ, ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ, ಹೆರಿಗೆ ರಜೆ ಮುಗಿಸಿ ಎಷ್ಟು ಜನ ವಾಪಸ್ ಬಂದ್ರು, ಕೆಲಸದ ಜಾಗದಲ್ಲಿ ಎಷ್ಟು ಗಾಯ ಎಷ್ಟು ಸಾವು, ಇಷ್ಟೆಲ್ಲಾ ಕೇಳ್ತಾರೆ. 2023ರಲ್ಲಿ ಬಿಆರ್‌ಎಸ್‌ಆರ್ ಕೋರ್ ಅಂತ ಇನ್ನೂ ಬಿಗಿಯಾದ ಪಟ್ಟಿ ಬಂತು, ಅದರಲ್ಲಿ ಯೋಗಕ್ಷೇಮಕ್ಕೆ ಖರ್ಚು ಮಾಡಿದ ದುಡ್ಡು ಕಂಪನಿಯ ಒಟ್ಟು ಆದಾಯದಲ್ಲಿ ಎಷ್ಟು ಪರ್ಸೆಂಟ್ ಅಂತ ಹೇಳ್ಬೇಕು.

ಖರ್ಚು ಮಾಡಿದ ದುಡ್ಡು ಕೇಳಿದ್ರು. ಆದ್ರೆ ಒಬ್ಬ ಉದ್ಯೋಗಿ ವಾರಕ್ಕೆ ಸರಾಸರಿ ಎಷ್ಟು ಗಂಟೆ ಕೆಲಸ ಮಾಡಿದ, ಎಷ್ಟು ಗಂಟೆ ಓವರ್‌ಟೈಮ್, ಎಷ್ಟು ಜನ ವಾರದ ರಜೆಯಲ್ಲೂ ಬಂದು ದುಡಿದ್ರು ಅಂತ ಕೇಳೋ ಒಂದು ಸಾಲು ಅಲ್ಲಿ ನನಗೆ ಸಿಗಲಿಲ್ಲ. ಕರೆಂಟಿನ ಪ್ರತಿ ಯೂನಿಟ್‌ಗೂ ಲೆಕ್ಕ ಇಡೋ ಕಂಪನಿ ಮನುಷ್ಯನ ಗಂಟೆಗೆ ಲೆಕ್ಕ ಇಡದೇ ಇದ್ರೆ ಅದನ್ನ ಸಸ್ಟೈನಬಲ್ ಅಂತ ಕರೆಯೋಕೆ ನನಗೆ ಮನಸ್ಸು ಒಪ್ಪಲ್ಲ. ಬಾವಿ ಬತ್ತೋ ಹಾಗೆ ಮನುಷ್ಯನೂ ಬತ್ತುತ್ತಾನೆ, ಅಲ್ವಾ.

ಗಂಟೆ ಯಾಕೆ ಅಷ್ಟು ಮುಖ್ಯ ಅಂದ್ರೆ ಅದಕ್ಕೆ ಆರೋಗ್ಯದ ನೇರ ಸಂಬಂಧ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟ ಮಾಡಿದ್ವು. ವಾರಕ್ಕೆ 35ರಿಂದ 40 ಗಂಟೆ ದುಡಿಯೋರಿಗೆ ಹೋಲಿಸಿದ್ರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ ಪಾರ್ಶ್ವವಾಯು ಹೊಡೆಯೋ ಅಪಾಯ ಶೇಕಡಾ 35ರಷ್ಟು ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ ಶೇಕಡಾ 17ರಷ್ಟು ಜಾಸ್ತಿ. 2016ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 7,45,000 ಜನ ಹೀಗೆ ಅತಿಯಾದ ದುಡಿಮೆಗೆ ಸಂಬಂಧಪಟ್ಟ ಹೃದಯ ಮತ್ತು ಪಾರ್ಶ್ವವಾಯು ಸಮಸ್ಯೆಯಿಂದ ಸತ್ರು ಅಂತ ಅವರ ಲೆಕ್ಕ. 55 ಗಂಟೆ ಅನ್ನೋ ಗೆರೆನ ತಲೇಲಿ ಇಟ್ಕೊಳಿ, ಆಮೇಲೆ ನಮ್ಮಲ್ಲಿ ಆಗ್ತಿರೋ ಚರ್ಚೆ ನೋಡಿ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, 2025ರ ಜನವರಿಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆ ಮಾತು ಹೊರಗೆ ಬಂತು. ಭಾನುವಾರ ಬಿಟ್ಟು ಲೆಕ್ಕ ಹಾಕಿದ್ರೆ 70 ಗಂಟೆ ಅಂದ್ರೆ ದಿನಕ್ಕೆ 11 ಗಂಟೆ 40 ನಿಮಿಷ. ಅದಕ್ಕೆ ಬೆಂಗಳೂರಿನ ಟ್ರಾಫಿಕ್ ಸೇರಿಸಿ.

ಇದು ಬರೀ ದೊಡ್ಡವರ ಮಾತಿಗೆ ನಿಂತಿಲ್ಲ, ಕಾನೂನಿನ ಬಾಗಿಲಿಗೂ ಬಂದಿದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ, ಓವರ್‌ಟೈಮ್ ಮೂರು ತಿಂಗಳಿಗೆ 50 ಗಂಟೆ. 2024ರ ಜುಲೈನಲ್ಲಿ ಐಟಿ ಕಂಪನಿಗಳಿಗೆ ದಿನಕ್ಕೆ 14 ಗಂಟೆವರೆಗೂ ದುಡಿಸಿಕೊಳ್ಳೋ ಅವಕಾಶ ಕೊಡೋ ಪ್ರಸ್ತಾಪ ಸರ್ಕಾರದ ಮುಂದೆ ಬಂತು, ಇದು ಐಟಿ ಉದ್ಯಮದ ಒತ್ತಡ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದ್ರು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳೀತು, ಮೂರು ಶಿಫ್ಟ್ ಇರೋದು ಎರಡಾಗುತ್ತೆ, ಮೂರರಲ್ಲಿ ಒಂದು ಪಾಲು ಜನ ಮನೆಗೆ ಹೋಗ್ತಾರೆ ಅಂತ ವಾದ ಮಾಡ್ತು. ಆಗ ಅದು ನಿಂತಿತು, ಆದ್ರೆ 2025ರ ಜೂನ್‌ನಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು, ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಗಂಟೆ, ಮೂರು ತಿಂಗಳಿಗೆ 50 ಇದ್ದ ಓವರ್‌ಟೈಮ್ 144 ಗಂಟೆಗೆ ಏರಿಸೋ ಪ್ರಸ್ತಾಪ ಅದು. ಫ್ಯಾಕ್ಟರಿಗಳಿಗೆ ಅಂತೂ 2023ರ ಶುರುವಿನಲ್ಲೇ ತಿದ್ದುಪಡಿ ಮಾಡಿ 12 ಗಂಟೆ ಶಿಫ್ಟ್‌ಗೆ ಬಾಗಿಲು ತೆಗೆದಿದ್ರು, ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ ಹೆಚ್ಚುಕಮ್ಮಿ ಎರಡು ಪಟ್ಟಾಯ್ತು. ಕೆಲಸಗಾರ ಬರವಣಿಗೆಲಿ ಒಪ್ಪಿದ್ರೆ ಮಾತ್ರ ಅಂತ ಷರತ್ತೂ ಇತ್ತು. ಆದ್ರೆ ಬಾಡಿಗೆ, ಸ್ಕೂಲ್ ಫೀಸು, ಸಂಘದ ಸಾಲದ ಕಂತು ತಲೆ ಮೇಲಿರೋ ಹೆಂಗಸು ಸೂಪರ್‌ವೈಸರ್ ಮುಂದೆ ನಿಂತು ನಾನು ಒಪ್ಪಲ್ಲ ಅಂತ ಹೇಗೆ ಬರೆದುಕೊಡ್ತಾಳೆ?

ಐಟಿಲಿ ಗಂಟೆ ಕಾಣದೇ ಇರೋದಕ್ಕೆ ಇನ್ನೊಂದು ಕಾರಣ ಇದೆ, ಟೈಮ್‌ಶೀಟ್. ಕ್ಲೈಂಟ್‌ಗೆ ದಿನಕ್ಕೆ ಇಷ್ಟೇ ಗಂಟೆ ಬಿಲ್ ಮಾಡಬಹುದು ಅಂತ ಒಪ್ಪಂದ ಇರುತ್ತೆ, ಹಾಗಾಗಿ ರಾತ್ರಿ ಹನ್ನೊಂದರ ತನಕ ಕೂತಿದ್ರೂ ಶೀಟ್‌ನಲ್ಲಿ 8 ಅಂತಾನೇ ಹಾಕ್ತಾರೆ, ಎಲ್ಲರೂ ಹಾಗೇ ಹಾಕ್ತಾರೆ ನೀನೂ ಹಾಕು ಅಂತ ಹೊಸಬರಿಗೆ ಮೊದಲನೇ ವಾರದಲ್ಲೇ ಹೇಳಿಕೊಡ್ತಾರೆ, ಅಲ್ಲಿಗೆ ಆ ಮೂರ್ನಾಲ್ಕು ಗಂಟೆ ಯಾವ ದಾಖಲೆಯಲ್ಲೂ ಇಲ್ಲ. ಓವರ್‌ಟೈಮ್ ದುಡ್ಡೂ ಇಲ್ಲ, ಓವರ್‌ಟೈಮ್ ಆಯ್ತು ಅನ್ನೋ ಸಾಕ್ಷಿಯೂ ಇಲ್ಲ. ಹಾಗಂತ ಕಂಪನಿ ಹತ್ರ ಮಾಹಿತಿ ಇಲ್ಲ ಅಂತ ಅಲ್ಲ. ಗೇಟಿನ ಸ್ವೈಪ್ ಇದೆ, ಲ್ಯಾಪ್‌ಟಾಪ್ ಲಾಗಿನ್ ಇದೆ, ವಿಪಿಎನ್ ಇದೆ. 2025ರ ಮಧ್ಯದಲ್ಲಿ ಇನ್ಫೋಸಿಸ್ ಮನೆಯಿಂದ ಕೆಲಸ ಮಾಡೋವಾಗ ದಿನಕ್ಕೆ 9 ಗಂಟೆ 15 ನಿಮಿಷ ಮೀರಿದ ನೌಕರರಿಗೆ ಆರೋಗ್ಯ ನೋಡ್ಕೊಳಿ ಅಂತ ಮೇಲ್ ಕಳಿಸ್ತಿದೆ ಅಂತ ಪತ್ರಿಕೆಗಳಲ್ಲಿ ಬಂತು. ಅದು ಒಳ್ಳೆ ಹೆಜ್ಜೆ ಅಂತಾನೇ ನನ್ನ ಅಭಿಪ್ರಾಯ, ಅದಕ್ಕಿಂತ ಮುಖ್ಯ ಅಂದ್ರೆ ಬೇಕು ಅಂದ್ರೆ ಗಂಟೆಗಳನ್ನ ಎಣಿಸೋಕೆ ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ.

ಈಗ ಗಾರ್ಮೆಂಟ್ಸ್ ಕಡೆ ಬರೋಣ, ಯೋಗಕ್ಷೇಮದ ಮಾತು ಬಂದಾಗ ಐಟಿ ಬಗ್ಗೆನೇ ಎಲ್ಲರೂ ಬರೀತಾರೆ, ಪೀಣ್ಯ, ಬೊಮ್ಮಸಂದ್ರ, ಮೈಸೂರು ರೋಡ್, ರಾಮನಗರ, ಮದ್ದೂರು ಕಡೆ ಹೊಲಿಗೆ ಮಷೀನ್ ಮುಂದೆ ಕೂತಿರೋ ಲಕ್ಷಾಂತರ ಹೆಣ್ಣುಮಕ್ಕಳ ಬಗ್ಗೆ ಬರೆಯೋರು ಕಮ್ಮಿ. ಅಲ್ಲಿ ಗಂಟೆಯ ಲೆಕ್ಕ ಇಲ್ಲ ಅಂತ ಹೇಳೋಕಾಗಲ್ಲ, ಅಲ್ಲಿ ಸೆಕೆಂಡಿನ ಲೆಕ್ಕ ಇದೆ. ಇಂಡಸ್ಟ್ರಿಯಲ್ ಎಂಜಿನಿಯರ್ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತು ಕಾಲರ್ ಕೂರಿಸೋಕೆ ಇಷ್ಟು, ಪಾಕೆಟ್ ಹಾಕೋಕೆ ಇಷ್ಟು ಅಂತ ಪ್ರತಿ ಕೆಲಸಕ್ಕೂ ನಿಮಿಷ ಕಟ್ತಾನೆ, ಅದಕ್ಕೆ ಎಸ್‌ಎಎಂ ಅಂತಾರೆ. ಒಂದು ಉದಾಹರಣೆ ತಗೊಳಿ. ಒಂದು ಕೆಲಸಕ್ಕೆ ಅರ್ಧ ನಿಮಿಷ ಅಂತ ಕಟ್ಟಿದ್ರೆ ಗಂಟೆಗೆ 120 ಪೀಸ್ ಆಗುತ್ತೆ, ಪೂರ್ತಿ ಬೇಡ ಶೇಕಡಾ 75 ಸಾಕು ಅಂದ್ರೂ 90 ಪೀಸ್. ಟಾಯ್ಲೆಟ್‌ಗೆ ಎದ್ದು ಹೋಗಿ ಬರೋಕೆ ಆರು ನಿಮಿಷ ಹಿಡೀತು ಅಂದ್ರೆ 9 ಪೀಸ್ ಹೋಯ್ತು. ಆ 9 ಪೀಸ್ ಅವಳದ್ದು ಮಾತ್ರ ಅಲ್ಲ, ಮುಂದಿನ ಮಷೀನ್‌ನವಳಿಗೆ ಬಂಡಲ್ ಬರಲಿಲ್ಲ, ಅವಳೂ ನಿಂತಳು, ಅದರ ಮುಂದಿನವಳೂ ನಿಂತಳು, ಗಂಟೆ ಗಂಟೆಗೂ ಬೋರ್ಡ್ ಮೇಲೆ ಬರೆಯೋ ನಂಬರ್‌ನಲ್ಲಿ ಇಡೀ ಲೈನ್ ಕೆಳಗೆ ಬಿತ್ತು, ಸೂಪರ್‌ವೈಸರ್‌ಗೆ ಫ್ಲೋರ್ ಇನ್‌ಚಾರ್ಜ್ ಬೈದ, ಸೂಪರ್‌ವೈಸರ್ ಇವಳಿಗೆ ಬೈದ.

ನಮ್ಮ ಬೀದಿಲಿ ಒಬ್ಬ ಅಕ್ಕ ಇದ್ದಾರೆ, ಮಂಡ್ಯ ಕಡೆಯವರು, ವರ್ಷಗಳಿಂದ ಟೈಲರ್. ಬೆಳಗ್ಗೆ ತಗೊಂಡು ಹೋದ ನೀರಿನ ಬಾಟ್ಲಿ ಸಂಜೆ ಮುಕ್ಕಾಲು ಹಾಗೇ ವಾಪಸ್ ಬರೋದು ನೋಡಿ ಯಾಕಕ್ಕ ನೀರು ಕುಡಿಯಲ್ವಾ ಅಂತ ಕೇಳಿದ್ದೆ. "ನೀರ್ ಕುಡುದ್ರೆ ಎದ್ದೋಗ್ಬೇಕಲ್ಲ ತಮ್ಮಾ, ಎದ್ದೋದ್ರೆ ಪೀಸ್ ನಿಂತೋಯ್ತದೆ, ಅದ್ಕೆ ಊಟದ್ ಟೈಮ್ನಾಗೆ ಒಂದ್ ಲೋಟ ಕುಡ್ಕೊಂತೀನಿ ಅಷ್ಟೆ" ಅಂದ್ರು. ಉರಿಮೂತ್ರ ಆಗಿ ಇಎಸ್‌ಐ ಆಸ್ಪತ್ರೆಗೆ ಹೋದ್ರೆ ಅರ್ಧ ದಿನದ ಸಂಬಳ ಕಟ್, ಅದಕ್ಕೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ತಗೊಳ್ತಾರೆ. ಅವರ ಫ್ಯಾಕ್ಟರಿಲಿ ಟಾಯ್ಲೆಟ್ ಇಲ್ಲ ಅಂತಲ್ಲ, ಬಟ್ಟೆ ಕೊಳ್ಳೋ ಬಯ್ಯರ್‌ಗಳ ಕಡೆಯಿಂದ ಆಡಿಟ್‌ಗೆ ಬರೋರು ಎಣಿಸಿ ನೋಡಿ ಟಿಕ್ ಹಾಕೋ ಅಷ್ಟು ಇದೆ, ಕುಡಿಯೋ ನೀರಿನ ಫಿಲ್ಟರ್ ಇದೆ, ಗೋಡೆ ಮೇಲೆ ನೀರು ಹೆಚ್ಚು ಕುಡಿಯಿರಿ ಅನ್ನೋ ಪೋಸ್ಟರ್ ಕೂಡ ಇದೆಯಂತೆ. ಆ ಟಾಯ್ಲೆಟ್‌ಗೆ ಹೋಗೋ ಆರು ನಿಮಿಷವನ್ನ ಟಾರ್ಗೆಟ್ ಒಳಗೆ ಯಾರೂ ಇಟ್ಟಿಲ್ಲ. ವ್ಯವಸ್ಥೆ ಇದ್ದೂ ಅದನ್ನ ಬಳಸೋ ಸಮಯ ಇಲ್ಲ ಅಂದ್ರೆ ಆ ವ್ಯವಸ್ಥೆ ಯಾರಿಗೋಸ್ಕರ?

ಈ ದುಡಿಮೆ ಒಂದು ದೇಹಕ್ಕೆ ಎಷ್ಟು ವರ್ಷ ಸಾಧ್ಯ ಅನ್ನೋದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಒಂದು ಉತ್ತರ ನೋಡಿತ್ತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದಾಗ ಸಾವಿರ ಸಾವಿರ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರೂ ಕರೆ ಕೊಡದೇ ಫ್ಯಾಕ್ಟರಿ ಬಿಟ್ಟು ಬಂದು ಹೊಸೂರು ರಸ್ತೆ, ಪೀಣ್ಯ ಕಡೆಯೆಲ್ಲಾ ರಸ್ತೆ ಬಂದ್ ಮಾಡಿದ್ರು, ಏಪ್ರಿಲ್ 19ಕ್ಕೆ ಕೇಂದ್ರ ಆ ಆದೇಶ ವಾಪಸ್ ತಗೊಳ್ತು. ಅವತ್ತು ಟಿವಿಲಿ ಕಾಣಿಸಿದ್ದು ಬೆಂಕಿ, ಕಲ್ಲು, ಲಾಠಿ. ಆ ಸಿಟ್ಟಿನ ಒಳಗೆ ಇದ್ದ ಸರಳ ಮಾತು ಏನಂದ್ರೆ ಈ ಕೆಲಸದಲ್ಲಿ 58ರ ತನಕ ಇರೋರು ಯಾರು, ನಲವತ್ತಕ್ಕೆಲ್ಲಾ ಸೊಂಟ, ಕುತ್ತಿಗೆ, ಕಣ್ಣು ಸೋತು ಬಿಟ್ಟು ಹೋಗ್ತೀವಿ, ಬಿಟ್ಟಾಗ ಕೈಗೆ ಸಿಗೋ ಆ ದುಡ್ಡೇ ಮಗಳ ಮದುವೆಗೋ ಊರಲ್ಲಿ ಒಂದು ಅಂಗಡಿಗೋ ದಾರಿ ಅಂತ. ನಾನು ಸಸ್ಟೈನಬಲ್ ಕೆಲಸ ಅಂದ್ರೆ ಇದನ್ನೇ ಕೇಳ್ತೀನಿ, ಇಪ್ಪತ್ತಕ್ಕೆ ಸೇರಿದ ಒಬ್ಬಳು ಇದೇ ಕೆಲಸವನ್ನ ನಿವೃತ್ತಿ ವಯಸ್ಸಿನ ತನಕ ಮಾಡೋಕೆ ಅವಳ ಮೈ ಬಿಡುತ್ತಾ? ಬಿಡಲ್ಲ ಅಂದ್ರೆ ಛಾವಣಿ ಮೇಲೆ ಎಷ್ಟು ಸೋಲಾರ್ ಹಾಕಿದ್ರೂ ಆ ಕೆಲಸ ಬಾಳೋದಲ್ಲ.

ಹಾಗಾದ್ರೆ ಪರಿಸರದ ಕೆಲಸ ಬೇರೆ, ಕೆಲಸಗಾರರ ಕೆಲಸ ಬೇರೆನಾ ಅಂದ್ರೆ ಖಂಡಿತ ಅಲ್ಲ, ಅವೆರಡೂ ಒಂದೇ ಅಂತ ತೋರಿಸಿದ ಬಹಳ ಒಳ್ಳೆ ಅಧ್ಯಯನ ನಮ್ಮ ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೇ ನಡೆದಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಾಧಮ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ್ದು, 2020ರಲ್ಲಿ ಪ್ರಕಟ ಆಯ್ತು. ಫ್ಯಾಕ್ಟರಿಗಳಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕ್ತಾ ಬಂದಾಗ ಏನಾಯ್ತು ಅಂತ ಅವರು ಲೈನ್ ಲೈನಿನ ದಿನದ ಉತ್ಪಾದನೆ ಲೆಕ್ಕ ಮತ್ತು ಹವಾಮಾನದ ಲೆಕ್ಕ ಜೋಡಿಸಿ ನೋಡಿದ್ರು. ಬಿಸಿಲು ಏರಿದಂತೆ ಉತ್ಪಾದನೆ ಬೀಳುತ್ತೆ ಅನ್ನೋದು ಮೊದಲು ಕಾಣಿಸ್ತು, ಅದು ಅಲ್ಲಿ ಕೂತವರಿಗೆಲ್ಲಾ ಗೊತ್ತಿರೋದೇ. ಹಳೇ ಲೈಟು ಕರೆಂಟು ಉರಿಸೋದ್ರ ಜೊತೆ ಶಾಖನೂ ಬಿಡುತ್ತೆ, ಎಲ್‌ಇಡಿ ಬಿಡೋ ಶಾಖ ತುಂಬಾ ಕಮ್ಮಿ, ಹಾಗಾಗಿ ಎಲ್‌ಇಡಿ ಬಂದ ಮೇಲೆ ಸೆಕೆ ದಿನಗಳಲ್ಲಿ ಉತ್ಪಾದನೆ ಮೊದಲಿನಷ್ಟು ಬೀಳಲಿಲ್ಲ. ಒಂದು ಫ್ಯಾಕ್ಟರಿಗೆ ಸರಾಸರಿ ಕರೆಂಟ್ ಬಿಲ್‌ನಲ್ಲಿ ಉಳಿದಿದ್ದು ಸುಮಾರು 2,880 ಡಾಲರ್, ಉತ್ಪಾದನೆ ಹೆಚ್ಚಾಗಿ ಬಂದಿದ್ದು ಸುಮಾರು 7,500 ಡಾಲರ್. ಅದನ್ನೂ ಸೇರಿಸಿ ನೋಡಿದ್ರೆ ಎಲ್‌ಇಡಿಗೆ ಹಾಕಿದ ದುಡ್ಡು ವಾಪಸ್ ಬರೋ ಅವಧಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಭಾಗಕ್ಕೆ ಇಳೀತು.

ಇದನ್ನ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಕಂಪನಿ ಎಲ್‌ಇಡಿ ಹಾಕಿದಾಗ ಲೆಕ್ಕದ ಪುಸ್ತಕದಲ್ಲಿ ಕಾಣೋದು ಕರೆಂಟ್ ಉಳಿತಾಯ, ಸಸ್ಟೈನಬಿಲಿಟಿ ರಿಪೋರ್ಟ್‌ಲಿ ಬರೋದೂ ಅದೇ. ಆದ್ರೆ ಅದಕ್ಕಿಂತ ಎರಡೂವರೆ ಪಟ್ಟಿನಷ್ಟು ದೊಡ್ಡ ಲಾಭ ಬಂದಿದ್ದು ಮಷೀನ್ ಮುಂದೆ ಕೂತವಳಿಗೆ ಸೆಕೆ ಕಮ್ಮಿ ಆಗಿದ್ರಿಂದ, ಅವಳ ಮೈ ಸ್ವಲ್ಪ ಹಗುರ ಆಗಿದ್ರಿಂದ. ಯಾರೂ ಅದನ್ನ ಅಳೀತಿರಲಿಲ್ಲ, ಈ ಮೂವರು ಅಳೆದ್ರು ಅಂತ ಗೊತ್ತಾಯ್ತು. ಐರನಿಂಗ್ ಸೆಕ್ಷನ್‌ನಲ್ಲಿ ಸ್ಟೀಮ್ ಪಕ್ಕ ದಿನವಿಡೀ ನಿಂತಿರೋರು, ಶೀಟಿನ ಛಾವಣಿ ಕೆಳಗೆ ಮಾರ್ಚಿಂದ ಮೇ ತನಕ ಕೂರೋರು, ಇವರ ಜಾಗದ ಉಷ್ಣಾಂಶ ಎಷ್ಟು ಅಂತ ಗೋಡೆ ಮೇಲೆ ಒಂದು ಮೀಟರ್ ಹಾಕೋಕೆ ಎಷ್ಟು ದುಡ್ಡು ಬೇಕು ಹೇಳಿ. ಛಾವಣಿಗೆ ಬಿಳಿ ಬಣ್ಣ ಬಳಿಯೋದು, ಗೋಡೆಗೆ ಕೂಲಿಂಗ್ ಪ್ಯಾಡ್, ದೊಡ್ಡ ಎಕ್ಸಾಸ್ಟ್ ಫ್ಯಾನ್, ಇವೆಲ್ಲ ಪರಿಸರಕ್ಕೂ ಒಳ್ಳೇದು ಮನುಷ್ಯರಿಗೂ ಒಳ್ಳೇದು, ಹೊಸದಾಗಿ ಏನೂ ಕಂಡುಹಿಡೀಬೇಕಿಲ್ಲ.

ಇದರ ಎದುರಿಗೆ ಐಟಿ ಪಾರ್ಕ್‌ಗಳ ವೆಲ್‌ನೆಸ್ ಕಾರ್ಯಕ್ರಮ ಇಟ್ಟು ನೋಡಿ. ಯೋಗ ಸೆಷನ್, ಧ್ಯಾನದ ಆ್ಯಪ್, ಸ್ಟ್ರೆಸ್ ಹೇಗೆ ನಿಭಾಯಿಸೋದು ಅಂತ ಮಧ್ಯಾಹ್ನ ಒಂದು ಗಂಟೆ ವೆಬಿನಾರ್, ಆ ಒಂದು ಗಂಟೆ ಕೆಲಸ ಸಂಜೆಗೆ ಮುಂದಕ್ಕೆ ಹೋಗಿರುತ್ತೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಅನ್ನೋ ಸಂಶೋಧಕರು ಬ್ರಿಟನ್‌ನ 233 ಸಂಸ್ಥೆಗಳ 46,336 ಉದ್ಯೋಗಿಗಳ ಉತ್ತರಗಳನ್ನ ಪರಿಶೀಲಿಸಿ 2024ರಲ್ಲಿ ಪ್ರಕಟ ಮಾಡಿದ್ರು. ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ಮಾನಸಿಕ ಸ್ಥಿತಿ ಭಾಗವಹಿಸದವರಿಗಿಂತ ಚೆನ್ನಾಗೇನೂ ಇರಲಿಲ್ಲ, ಸ್ವಯಂಸೇವೆ ಥರದ ಕೆಲಸಕ್ಕೆ ಅವಕಾಶ ಕೊಟ್ಟಿದ್ದು ಮಾತ್ರ ಸ್ವಲ್ಪ ಪ್ರಯೋಜನ ತೋರಿಸ್ತು. ಯೋಗ ಕೆಟ್ಟದು ಅಂತ ಇದರ ಅರ್ಥ ಅಲ್ಲ, ನಾನೂ ಮಾಡ್ತೀನಿ. ಕೆಲಸದ ಹೊರೆ, ಜನ ಸಾಲದಿರೋದು, ಕೆಟ್ಟ ಮ್ಯಾನೇಜರ್, ಇವನ್ನ ಮುಟ್ಟದೇ ಕೆಲಸಗಾರನನ್ನ ಮಾತ್ರ ರಿಪೇರಿ ಮಾಡೋಕೆ ಹೋದ್ರೆ ಫಲ ಬರಲ್ಲ ಅಂತ ಅರ್ಥ. ಆದ್ರೆ ಬಿಆರ್‌ಎಸ್‌ಆರ್ ಕೋರ್ ಕೇಳೋದು ಯೋಗಕ್ಷೇಮಕ್ಕೆ ಎಷ್ಟು ಖರ್ಚಾಯ್ತು ಅಂತ. ತಂಡಕ್ಕೆ ಇನ್ನಿಬ್ಬರನ್ನ ಸೇರಿಸಿ ಎಲ್ಲರೂ ಏಳು ಗಂಟೆಗೆ ಮನೆಗೆ ಹೋಗೋ ಹಾಗೆ ಮಾಡಿದ್ರೆ ಅದು ಆ ಪಟ್ಟಿಲಿ ಯೋಗಕ್ಷೇಮದ ಖರ್ಚು ಅಂತ ಕಾಣಿಸಲ್ಲ, ಬರೀ ಸಂಬಳದ ಖರ್ಚಾಗುತ್ತೆ.

ಜನ ಸಾಲದಿರೋ ಈ ವಿಷಯ ಎಷ್ಟು ಆಳಕ್ಕೆ ಹೋಗುತ್ತೆ ಅಂತ ನೋಡೋಕೆ ಋತುಚಕ್ರ ರಜೆ ತಗೊಳಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು, ಸರ್ಕಾರಿ ಖಾಸಗಿ ಎರಡಕ್ಕೂ, ಗಾರ್ಮೆಂಟ್ಸ್‌ಗೂ ಐಟಿಗೂ. ನನ್ನ ಮನಸಿಗೆ ಬಹಳ ಸಂತೋಷ ಆದ ನಿರ್ಧಾರ ಇದು, ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್‌ಗೆ ಹೋಗಿದ್ದೂ ನಿಮಗೆ ಗೊತ್ತಿರಬಹುದು. ಕೋರ್ಟ್ ವಿಷಯ ಪಕ್ಕಕ್ಕಿಟ್ಟು ಲೈನ್ ಮೇಲೆ ಏನಾಗುತ್ತೆ ಅಂತ ಯೋಚಿಸಿ. ಒಂದು ಲೈನ್‌ನಲ್ಲಿ ಐವತ್ತು ಜನ ಇದ್ರೆ, ಬಹುಪಾಲು ಹೆಣ್ಣುಮಕ್ಕಳೇ ಇರೋದ್ರಿಂದ, ಯಾವುದೇ ದಿನ ಒಬ್ಬರೋ ಇಬ್ಬರೋ ಈ ರಜೆ ಮೇಲೆ ಇರ್ತಾರೆ. ಅವರ ಜಾಗಕ್ಕೆ ಎಲ್ಲಾ ಕೆಲಸ ಬರೋ ಹೆಚ್ಚುವರಿ ಟೈಲರ್ ಇದ್ರೆ ಸರಿ, ಇಲ್ಲ ಅಂದ್ರೆ ಅವಳ ಪೀಸ್‌ಗಳು ಪಕ್ಕದವಳ ತಲೆಗೆ ಬರುತ್ತೆ. ಆಮೇಲೆ ಪಕ್ಕದವಳೇ ಗೊಣಗ್ತಾಳೆ, ಮುಂದಿನ ತಿಂಗಳು ಇವಳೇ ರಜೆ ಕೇಳೋಕೆ ಹಿಂಜರೀತಾಳೆ. ಹಾಗಾಗಿ ರಜೆ ಜೊತೆಗೆ ಅಷ್ಟು ಜನ ಹೆಚ್ಚಿಗೆ ಇಡೋದು ಕೂಡ ಸೇರಿದ್ರೆ ಮಾತ್ರ ಆ ಆದೇಶ ಫ್ಲೋರಿಗೆ ತಲುಪುತ್ತೆ. ಅದಕ್ಕೆ ಖರ್ಚಿದೆ, ಆ ಖರ್ಚನ್ನ ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡ್‌ಗಳು ಪೀಸಿನ ರೇಟಿನಲ್ಲಿ ಹೊರಬೇಕು, ಒಂದು ಕಡೆ ರೇಟ್ ಇಳಿಸಿ ಅಂತ ಚೌಕಾಸಿ ಮಾಡಿ ಇನ್ನೊಂದು ಕಡೆ ಕೆಲಸಗಾರರ ಯೋಗಕ್ಷೇಮದ ಆಡಿಟ್ ಕೇಳೋದು ನ್ಯಾಯ ಅಲ್ಲ.

ಓಡಾಟದ ವಿಷಯ ಬೇಗ ಹೇಳಿ ಮುಗಿಸ್ತೀನಿ, ಎಲ್ಲರಿಗೂ ಗೊತ್ತಿರೋದೇ. ಹೋಗೋಕೆ ಒಂದೂವರೆ ಗಂಟೆ ಬರೋಕೆ ಒಂದೂವರೆ ಗಂಟೆ ಅಂದ್ರೆ ವಾರಕ್ಕೆ ಐದು ದಿನಕ್ಕೆ 15 ಗಂಟೆ, ಹೆಚ್ಚುಕಮ್ಮಿ ಎರಡು ದಿನದ ಕೆಲಸ. ಉದ್ಯೋಗಿಗಳ ಓಡಾಟದಿಂದ ಆಗೋ ಹೊಗೆ ಕಾರ್ಬನ್ ಲೆಕ್ಕದಲ್ಲಿ ಸ್ಕೋಪ್ 3 ಅನ್ನೋ ಗುಂಪಿಗೆ ಬರುತ್ತೆ, ಬಿಆರ್‌ಎಸ್‌ಆರ್‌ನಲ್ಲಿ ಅದನ್ನ ಹೇಳೋದು ಕಂಪನಿಯ ಇಷ್ಟಕ್ಕೆ ಬಿಟ್ಟಿದ್ದು. ಐದು ದಿನ ಆಫೀಸಿಗೆ ಬನ್ನಿ ಅಂತ ಆರ್ಡರ್ ಮಾಡಿದ ಕಂಪನಿಯ ಕಟ್ಟಡ ಪರಿಸರಸ್ನೇಹಿ ಅಂತ ಸಿಕ್ಕಿರೋ ಪ್ಲಾಟಿನಂ ರೇಟಿಂಗ್ ಉಳಿಸ್ಕೊಳ್ಳುತ್ತೆ, ಹೊಗೆ ಮತ್ತೆ ಸುಸ್ತು ಎರಡೂ ಹೊರವರ್ತುಲ ರಸ್ತೆ ಮೇಲೆ ಉಳಿಯುತ್ತೆ.

ಆ ಪ್ಲಾಟಿನಂ ಕಟ್ಟಡ ಒರೆಸೋರ ಬಗ್ಗೆ ಹೇಳದೇ ಇದ್ರೆ ಈ ಲೇಖನ ಅರ್ಧ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್, ಕ್ಯಾಬ್, ಇವರೆಲ್ಲ ಬಹುತೇಕ ಏಜೆನ್ಸಿ ಕಡೆಯಿಂದ ಬರೋರು. ಹನ್ನೆರಡು ಗಂಟೆ ಗೇಟ್ ಹತ್ರ ನಿಂತಿರೋ ಸೆಕ್ಯುರಿಟಿಯವರಿಗೆ ಕುರ್ಚಿ ಇರಲ್ಲ, ಕೂತ್ರೆ ಸಿಸಿಟಿವಿಲಿ ನೋಡಿ ಫೈನ್ ಹಾಕ್ತಾರೆ ಅಂತ ಒಬ್ಬರು ಹಿರಿಯರು ನನ್ನ ಹತ್ರ ಹೇಳ್ಕೊಂಡಿದ್ರು, ಅವರ ಕಾಲಿನ ನರ ಹಸಿರಾಗಿ ಉಬ್ಬಿದ್ದವು. ನಿಂತು ಕೆಲಸ ಮಾಡೋರಿಗೆ ಕೂರೋ ವ್ಯವಸ್ಥೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು, ಆದ್ರೆ ಅದು ಫ್ಯಾಕ್ಟರಿಗೆ. ಅಂಗಡಿಗಳಲ್ಲಿ ದುಡಿಯೋರಿಗೆ ಕೂರೋ ಹಕ್ಕು ಕೊಡೋಕೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದ್ವು, ಅದೂ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಹೋರಾಡಿದ ಮೇಲೆ. ಒಂದು ಸ್ಟೂಲ್‌ಗೋಸ್ಕರ ಕಾನೂನು ಬೇಕಾಯ್ತು ಅನ್ನೋದು ನೆನೆದ್ರೆ ಹೊಟ್ಟೆ ಉರಿಯುತ್ತೆ.

ಪರಿಹಾರದ ಬಗ್ಗೆ ಮಾತಾಡೋವಾಗ ನನಗೆ ಮೊದಲು ನೆನಪಾಗೋದು ಇನ್ನೊಂದು ಪ್ರಯೋಗ. ಎಲ್‌ಇಡಿ ಅಧ್ಯಯನದಲ್ಲಿದ್ದ ಅಧ್ವರ್ಯು ಮತ್ತು ನ್ಯಷಾಧಮ್ ಅವರು ಭಾರತದ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಬೇರೆಯವರ ಜೊತೆ ಸೇರಿ ಮಾಡಿದ್ದು, 2022ರಲ್ಲಿ ಪ್ರಕಟ ಆಯ್ತು. ಎಲ್ಲರೂ ಕಾಯ್ತಿದ್ದ ಸಂಬಳ ಏರಿಕೆ ನಿರೀಕ್ಷೆಗಿಂತ ಕಮ್ಮಿ ಬಂದು ಜನಕ್ಕೆ ಬೇಜಾರಾಗಿತ್ತು, ಆಗ ಚೀಟಿ ಎತ್ತಿದ ಹಾಗೆ ಕೆಲವರನ್ನ ಆರಿಸಿ ಹೆಸರು ಬರೆಯದೇ ನಿಮ್ಮ ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ, ತೃಪ್ತಿ ಇದೆಯಾ ಅಂತ ಕೇಳಿದ್ರು. ಕೇಳಿದವರಲ್ಲಿ ಕೆಲಸ ಬಿಡೋದು, ಗೈರುಹಾಜರಾಗೋದು ಎರಡೂ ಕಮ್ಮಿ ಆಯ್ತು, ಅದರಲ್ಲೂ ಯಾರಿಗೆ ಜಾಸ್ತಿ ಬೇಜಾರಾಗಿತ್ತೋ ಅವರಲ್ಲೇ ಈ ಇಳಿಕೆ ಹೆಚ್ಚು. ಬರೀ ಕೇಳಿದ್ದಕ್ಕೆ ಇಷ್ಟು ಆಯ್ತು ಅಂದ್ರೆ ಕೇಳಿ ಆಮೇಲೆ ಅದರಂತೆ ನಡೆದ್ರೆ ಎಷ್ಟಾಗಬಹುದು. ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನ ಬರೆದಿಡಬೇಕು ಅನ್ನೋ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯ್ತಿ ಕೊಡ್ತಾ ಬಂದಿದ್ದೂ ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳದ ದೂರು ಸಮಿತಿ ಇರಬೇಕು ಅನ್ನೋ ಷರತ್ತಿನ ಮೇಲೆ, 2024ರಲ್ಲಿ ಅದನ್ನ ಇನ್ನೈದು ವರ್ಷ ಮುಂದುವರಿಸಿದ್ರು. ನಿಮ್ಮ ಆಫೀಸಿನ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ ಗೊತ್ತಾ? ಗೊತ್ತಿಲ್ಲ ಅಂದ್ರೆ ನಾಳೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ, ಅದನ್ನ ಕೇಳೋದು ನಿಮ್ಮ ಹಕ್ಕು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೇ ಫ್ಯಾಕ್ಟರಿ ಕಾಯ್ದೆ ಅದರೊಳಗೆ ಸೇರಿಹೋಗಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಅನ್ನೋ ತಳಹದಿ ಇದೆ, ಓವರ್‌ಟೈಮ್‌ಗೆ ಡಬಲ್ ಸಂಬಳ ಇದೆ, 50 ಜನಕ್ಕಿಂತ ಕಮ್ಮಿ ಇಲ್ಲದ ಕಡೆ ಶಿಶುವಿಹಾರ ಇರಬೇಕು. ಆದ್ರೆ ಒಂದು ದಿನ ಎಷ್ಟು ಹೊತ್ತು ಹಿಗ್ಗಿಸಬಹುದು, ಓವರ್‌ಟೈಮ್ ಎಷ್ಟು ಗಂಟೆವರೆಗೆ ಅನ್ನೋದನ್ನ ಬಹುಪಾಲು ಸರ್ಕಾರ ಮಾಡೋ ನಿಯಮಗಳಿಗೆ ಬಿಟ್ಟಿದ್ದಾರೆ, ನಿಜವಾದ ಜಗ್ಗಾಟ ಇರೋದು ಅಲ್ಲಿ. ಇಂಥ ನಿಯಮಗಳ ಕರಡು ರಾಜ್ಯಪತ್ರದಲ್ಲಿ ಬಂದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸೋಕೆ ದಿನ ಕೊಡ್ತಾರೆ, ಕಂಪನಿಗಳ ಒಕ್ಕೂಟಗಳು ವಕೀಲರನ್ನ ಇಟ್ಟು ಆ ದಿನದೊಳಗೆ ಅರ್ಜಿ ಹಾಕಿರ್ತಾವೆ, ನಮ್ಮವರಿಗೆ ಕರಡು ಬಂದಿದ್ದೇ ಗೊತ್ತಿರಲ್ಲ. ಗಾರ್ಮೆಂಟ್ಸ್ ಕಡೆ ಜಿಎಲ್‌ಯು, ಗಟ್ವು ಥರದ ಸಂಘಗಳಿವೆ, ಐಟಿಲಿ ಕೆಐಟಿಯು ಇದೆ, ಅವರ ಹತ್ರ ಹೋಗಿ, ಇಲ್ಲ ನೀವೇ ಕನ್ನಡದಲ್ಲಿ ಒಂದು ಪುಟ ಬರೆದು ಕಾರ್ಮಿಕ ಇಲಾಖೆಗೆ ಕಳಿಸಿ. ಟಾರ್ಗೆಟ್ ಕಟ್ಟೋವಾಗ ನೀರು ಮತ್ತು ಟಾಯ್ಲೆಟ್‌ನ ನಿಮಿಷ ಕಳೆದು ಕಟ್ಟಬೇಕು ಅಂತ ಬರೀರಿ, ಕೆಲಸದ ಜಾಗದ ಉಷ್ಣಾಂಶ ದಿನಕ್ಕೆ ಮೂರು ಸಲ ರಿಜಿಸ್ಟರ್‌ನಲ್ಲಿ ದಾಖಲಾಗಬೇಕು ಅಂತ ಬರೀರಿ, ಸ್ವೈಪ್ ಮತ್ತು ಲಾಗಿನ್ ಲೆಕ್ಕದ ಸರಾಸರಿ ಗಂಟೆಗಳನ್ನ ಖಾಯಂನವರದ್ದು, ಕಾಂಟ್ರ್ಯಾಕ್ಟ್‌ನವರದ್ದು ಬೇರೆ ಬೇರೆಯಾಗಿ ಪ್ರತಿ ಮೂರು ತಿಂಗಳಿಗೆ ನೋಟಿಸ್ ಬೋರ್ಡ್‌ನಲ್ಲಿ ಹಾಕಬೇಕು ಅಂತ ಬರೀರಿ, ಕೊನೇಲಿ ನಿಮ್ಮ ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳಿ.